ಬಾಡಿಗೆ ನೆರವು ಪಡೆಯುವವರಿಗೆ ಬಾಡಿಗೆ ಮನೆ ಸಿಗದಿರುವುದೇಕೆ? ಬ್ರಿಟನ್ನಿನ ‘ನೋ ಡಿಎಸ್‌ಎಸ್’ ರೂಢಿಯ ಒಳಹೊರಗು

ಬ್ರಿಟನ್ನಿನ ಖಾಸಗಿ ಬಾಡಿಗೆ ಮನೆಗಳ ಜಾಹೀರಾತುಗಳಲ್ಲಿ ಕೋಣೆಗಳ ಸಂಖ್ಯೆ, ತಿಂಗಳ ಬಾಡಿಗೆ, ಠೇವಣಿ ಇವೆಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಕೊನೆಯಲ್ಲಿ ‘ನೋ ಡಿಎಸ್‌ಎಸ್’ ಎಂದು ಸೇರಿಸುವ ರೂಢಿ ದಶಕಗಳ ಕಾಲ ನಡೆದುಬಂತು. ಬಾಡಿಗೆ ಕಟ್ಟಲು ಸರ್ಕಾರದ ನೆರವು ಪಡೆಯುವವರು ಈ ಮನೆಯನ್ನು ಕೇಳುವುದೇ ಬೇಡ ಎಂಬುದು ಅದರ ತಾತ್ಪರ್ಯ. ಡಿಎಸ್‌ಎಸ್ ಎಂದರೆ ಅಲ್ಲಿನ ಸಾಮಾಜಿಕ ಭದ್ರತಾ ಇಲಾಖೆ. ಆ ಇಲಾಖೆ 2001ರಲ್ಲೇ ರದ್ದಾಗಿ, ಅದರ ಕೆಲಸವೆಲ್ಲ ಹೊಸದಾಗಿ ರಚನೆಯಾದ ಉದ್ಯೋಗ ಮತ್ತು ಪಿಂಚಣಿ ಇಲಾಖೆಗೆ ಹೋಯಿತು. ಜಾಹೀರಾತಿನ ಸಾಲು ಮಾತ್ರ ಅದಾದ ಮೇಲೂ ಎರಡು ದಶಕ ಬದುಕಿತ್ತು. ಸಾಲು ಕಾಣದಾದ ಕಡೆಗಳಲ್ಲಿಯೂ ಅದರ ಹಿಂದಿನ ನಿರ್ಧಾರ ಬದಲಾಗಲಿಲ್ಲ.

ಇದನ್ನು ಮನೆ ಮಾಲೀಕರ ಕಲ್ಲುಮನಸ್ಸಿನ ಕಥೆಯೆಂದು ಹೇಳಿ ಮುಗಿಸಿಬಿಡುವುದು ಸುಲಭ. ಪೂರ್ವಗ್ರಹ ಇದರಲ್ಲಿ ಇಲ್ಲವೆಂದಲ್ಲ, ಧಾರಾಳವಾಗಿಯೇ ಇದೆ. ಆದರೆ ಭತ್ಯೆಯ ಮೊತ್ತವನ್ನು ಲೆಕ್ಕ ಹಾಕುವ ಕ್ರಮ, ಅದು ಕೈಗೆ ಬರುವ ದಿನ, ಮನೆ ಕೊಳ್ಳಲು ಸಾಲ ಕೊಟ್ಟ ಬ್ಯಾಂಕಿನ ನಿಬಂಧನೆ, ಏಜೆಂಟರ ಕಚೇರಿಯಲ್ಲಿ ನಡೆಯುವ ಆದಾಯ ಪರಿಶೀಲನೆ ಇವೆಲ್ಲವೂ ಸೇರಿ ನಿರಾಕರಣೆಯನ್ನು ಒಂದು ವ್ಯವಸ್ಥೆಯನ್ನಾಗಿ ಕಟ್ಟಿಕೊಟ್ಟಿವೆ. ಬಡ ಬಾಡಿಗೆದಾರನ ಕೈಗೆ ನೆರವು ಕೊಟ್ಟ ಸರ್ಕಾರವೇ, ಆ ನೆರವು ಮಾರುಕಟ್ಟೆಯಲ್ಲಿ ಸವಕಲು ನಾಣ್ಯವಾಗುವಂತೆ ನಿಯಮಗಳನ್ನು ಮಾಡುತ್ತ ಬಂದಿತೆಂಬುದು ನನ್ನ ಅಭಿಪ್ರಾಯ. ಹಾಗೆಂದು ಮಾಲೀಕರ ಹೊಣೆ ಕಡಿಮೆಯಾಗುವುದಿಲ್ಲ. ಆದರೆ ಇದು ಎಲ್ಲಿ ಹುಟ್ಟುತ್ತದೆ ಎಂಬುದನ್ನು ತಿಳಿಯದೆ, ಕೇವಲ ನಿಷೇಧದಿಂದ ಎಷ್ಟು ಸರಿಹೋಗುತ್ತದೆ ಎಂದು ಅಳೆಯಲಾಗದು.

ಮೊದಲು ಈ ನೆರವು ಯಾರಿಗೆ ಸಿಗುತ್ತದೆ ಎಂಬುದನ್ನು ನೋಡಬೇಕು. ‘ಹೌಸಿಂಗ್ ಬೆನಿಫಿಟ್’ ಎಂಬ ಯೋಜನೆಗೆ 1982ರ ಕಾನೂನು ಆಧಾರ. ಅದನ್ನು ಸ್ಥಳೀಯ ಕೌನ್ಸಿಲ್‌ಗಳು, ಎಂದರೆ ನಮ್ಮ ನಗರಸಭೆ, ಪಾಲಿಕೆಗಳಂಥ ಸಂಸ್ಥೆಗಳು ಹಂಚುತ್ತಿದ್ದವು. 2012ರ ಕಲ್ಯಾಣ ಸುಧಾರಣಾ ಕಾನೂನಿನ ಅಡಿಯಲ್ಲಿ, ದುಡಿಯುವ ವಯಸ್ಸಿನವರಿಗೆ ಸಿಗುತ್ತಿದ್ದ ಹಲವು ಭತ್ಯೆಗಳನ್ನು ‘ಯೂನಿವರ್ಸಲ್ ಕ್ರೆಡಿಟ್’ ಎಂಬ ಒಂದೇ ಪಾವತಿಗೆ ಸೇರಿಸುವ ಕೆಲಸ 2013ರಲ್ಲಿ ಆರಂಭವಾಯಿತು. ಬಾಡಿಗೆಯ ಪಾಲು ಈಗ ಅದರೊಳಗಿನ ಒಂದು ಅಂಶ. ಈ ಎರಡರಲ್ಲಿ ಯಾವುದೇ ದಾರಿಯಿಂದ ಬಾಡಿಗೆ ನೆರವು ಪಡೆಯುವವರೆಲ್ಲರೂ ಕೆಲಸವಿಲ್ಲದೆ ಕುಳಿತವರು ಎಂಬ ಕಲ್ಪನೆ ಬ್ರಿಟನ್ನಿನಲ್ಲೂ ಬಲವಾಗಿದೆ, ಅದು ತಪ್ಪು. ಅಂಗಡಿಗಳಲ್ಲಿ, ವೃದ್ಧರ ಆರೈಕೆ ಕೇಂದ್ರಗಳಲ್ಲಿ, ಶಾಲೆಯ ಅಡುಗೆಮನೆಗಳಲ್ಲಿ ಅರೆಕಾಲಿಕವಾಗಿ ದುಡಿಯುವ, ಸಂಬಳ ಬಾಡಿಗೆಗೆ ಸಾಲದ ಅನೇಕರು ಇದರಲ್ಲಿದ್ದಾರೆ. ಪಿಂಚಣಿದಾರರಿದ್ದಾರೆ, ಅಂಗವೈಕಲ್ಯದಿಂದಾಗಿ ಪೂರ್ಣಾವಧಿ ದುಡಿಯಲಾಗದವರಿದ್ದಾರೆ, ಚಿಕ್ಕ ಮಕ್ಕಳನ್ನು ಒಬ್ಬರೇ ಸಾಕುವ ತಾಯಂದಿರಿದ್ದಾರೆ. ಈ ಕೊನೆಯ ಎರಡು ಗುಂಪುಗಳ ಪಾಲು ದೊಡ್ಡದೆಂಬುದು ಮುಂದೆ ನ್ಯಾಯಾಲಯದಲ್ಲಿ ನಿರ್ಣಾಯಕವಾಯಿತು.

ಅವರೆಲ್ಲ ಖಾಸಗಿ ಮಾಲೀಕರ ಬಾಗಿಲಿಗೇ ಏಕೆ ಹೋಗಬೇಕು ಎಂದು ಕೇಳಬಹುದು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಕೌನ್ಸಿಲ್‌ಗಳೇ ಲಕ್ಷಗಟ್ಟಲೆ ಮನೆ ಕಟ್ಟಿ ಕಡಿಮೆ ಬಾಡಿಗೆಗೆ ಕೊಡುತ್ತಿದ್ದವು. ಮಾರ್ಗರೆಟ್ ಥ್ಯಾಚರ್ ಸರ್ಕಾರದ 1980ರ ವಸತಿ ಕಾನೂನು, ಆ ಮನೆಗಳಲ್ಲಿ ಇದ್ದವರಿಗೆ ರಿಯಾಯಿತಿ ದರದಲ್ಲಿ ಅವನ್ನು ಕೊಳ್ಳುವ ಹಕ್ಕು ಕೊಟ್ಟಿತು. ಇಂಗ್ಲೆಂಡಿನಲ್ಲಿ ಹೀಗೆ ಮಾರಾಟವಾದ ಮನೆಗಳು ಸುಮಾರು 20 ಲಕ್ಷ. ಅವುಗಳ ಜಾಗದಲ್ಲಿ ಅಷ್ಟು ಹೊಸ ಮನೆಗಳು ಏಳಲಿಲ್ಲ. 1988ರ ವಸತಿ ಕಾನೂನು ಹೊಸ ಖಾಸಗಿ ಕರಾರುಗಳ ಮೇಲಿನ ಬಾಡಿಗೆ ನಿಯಂತ್ರಣವನ್ನು ತೆಗೆದುಹಾಕಿತು, ಜೊತೆಗೆ ಅದರ 21ನೇ ಕಲಂ ಕಾರಣ ಹೇಳದೆಯೇ ಎರಡು ತಿಂಗಳ ನೋಟಿಸಿನಲ್ಲಿ ಬಾಡಿಗೆದಾರನನ್ನು ಬಿಡಿಸುವ ದಾರಿ ಮಾಡಿಕೊಟ್ಟಿತು. ಪರಿಣಾಮವಾಗಿ ಈಗ ಇಂಗ್ಲೆಂಡಿನ ಸುಮಾರು 46 ಲಕ್ಷ ಕುಟುಂಬಗಳು, ಎಂದರೆ ಐದರಲ್ಲಿ ಒಂದರಷ್ಟು, ಖಾಸಗಿ ಮಾಲೀಕರ ಬಾಡಿಗೆದಾರರು; ಕೌನ್ಸಿಲ್ ಮತ್ತು ಲಾಭರಹಿತ ವಸತಿ ಸಂಘಗಳ ಮನೆಗಳಲ್ಲಿ ಇರುವವರಿಗಿಂತ ಇವರೇ ಹೆಚ್ಚು. ಕೌನ್ಸಿಲ್ ಮನೆಯ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಕಡಿಮೆ ಆದಾಯದವರಿಗೆ ಖಾಸಗಿ ಮನೆಯೇ ಗತಿ, ಅದರ ಬಾಡಿಗೆಗೆ ಸರ್ಕಾರದ ನೆರವೇ ಆಧಾರ.

ಆ ನೆರವಿನ ಮೊತ್ತ ಎಷ್ಟಿರಬೇಕೆಂದು ನಿರ್ಧರಿಸುವ ಪದ್ಧತಿಯನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಏಕೆಂದರೆ ಸಮಸ್ಯೆಯ ಬೇರು ಅಲ್ಲಿದೆ. ಖಾಸಗಿ ಬಾಡಿಗೆದಾರರ ನೆರವಿಗೆ 2008ರಿಂದ ‘ಲೋಕಲ್ ಹೌಸಿಂಗ್ ಅಲೋವೆನ್ಸ್’ ಎಂಬ ಮಿತಿ ದೇಶದಾದ್ಯಂತ ಅನ್ವಯವಾಗುತ್ತದೆ. ದೇಶವನ್ನು ಬಾಡಿಗೆ ಮಾರುಕಟ್ಟೆಯ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲಿ ಒಂದು ಮಲಗುವ ಕೋಣೆಯ ಮನೆ, ಎರಡರ ಮನೆ ಹೀಗೆ ನಾಲ್ಕರವರೆಗೆ ಪ್ರತ್ಯೇಕ ದರ ಗೊತ್ತುಮಾಡುತ್ತಾರೆ. ಆರಂಭದಲ್ಲಿ ಆ ದರ ವಲಯದ ಬಾಡಿಗೆಗಳ ನಟ್ಟನಡುವಿನ ಮೊತ್ತವಾಗಿತ್ತು: ನೂರು ಮನೆಗಳನ್ನು ಬಾಡಿಗೆಯ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಐವತ್ತನೆಯ ಮನೆಯ ಬಾಡಿಗೆ. 2011ರಲ್ಲಿ ಅದನ್ನು ಮೂವತ್ತನೆಯ ಮನೆಗೆ ಇಳಿಸಿದರು. ಎಂದರೆ, ನಿಯಮ ಅಕ್ಷರಶಃ ಪಾಲನೆಯಾದ ದಿನವೂ ನೂರರಲ್ಲಿ ಎಪ್ಪತ್ತು ಮನೆಗಳು ನೆರವಿನ ಮಿತಿಯ ಆಚೆಗೇ ಇರುತ್ತವೆ.

ನಿಯಮ ಪಾಲನೆಯಾದ ದಿನಗಳು ಕಡಿಮೆ. 2013ರಿಂದ ಈ ದರವನ್ನು ನಿಜವಾದ ಬಾಡಿಗೆಯಿಂದ ಬೇರ್ಪಡಿಸಿ ಬೆಲೆ ಸೂಚ್ಯಂಕಕ್ಕೆ ಕಟ್ಟಿದರು, ಆಮೇಲೆ ಎರಡು ವರ್ಷ ಹೆಚ್ಚಳಕ್ಕೆ ಶೇ 1ರ ಮಿತಿ ಹಾಕಿದರು, 2016ರಿಂದ ನಾಲ್ಕು ವರ್ಷ ಬಹುತೇಕ ಕಡೆ ಅಲುಗಾಡದಂತೆ ನಿಲ್ಲಿಸಿಬಿಟ್ಟರು. ಕೋವಿಡ್ ಬಂದಾಗ, 2020ರ ಏಪ್ರಿಲ್‌ನಲ್ಲಿ, ಮತ್ತೆ ಮೂವತ್ತನೆಯ ಮನೆಯ ಮಟ್ಟಕ್ಕೆ ಏರಿಸಿದರು. ಏರಿಸಿದ ಮೇಲೆ ಪುನಃ 2024ರ ಏಪ್ರಿಲ್‌ವರೆಗೆ ತಡೆಹಿಡಿದರು. ಬಾಡಿಗೆಗಳು ಹಿಂದೆಂದೂ ಕಾಣದ ವೇಗದಲ್ಲಿ ಏರಿದ ಕಾಲ ಅದೇ. 2024ರಲ್ಲಿ ಒಮ್ಮೆ ಸರಿಪಡಿಸಿ, 2025ರಲ್ಲಿ ಮತ್ತೆ ತಡೆಹಿಡಿದರು. ಇದಲ್ಲದೆ, ದರ ಏಪ್ರಿಲ್‌ನಲ್ಲಿ ಜಾರಿಗೆ ಬಂದರೂ ಅದಕ್ಕೆ ಆಧಾರವಾದ ಬಾಡಿಗೆಗಳ ಪಟ್ಟಿ ಹಿಂದಿನ ಸೆಪ್ಟೆಂಬರಿಗೇ ಮುಗಿದಿರುತ್ತದೆ. ವಲಯಗಳೂ ವಿಶಾಲವಾಗಿವೆ: ಕೇಂಬ್ರಿಡ್ಜ್ ನಗರದ ದುಬಾರಿ ಬಾಡಿಗೆಯ ಜೊತೆ ಈಲಿ, ನ್ಯೂಮಾರ್ಕೆಟ್‌ನಂಥ ದೂರದ ಊರುಗಳ ಬಾಡಿಗೆಯೂ ಒಂದೇ ಲೆಕ್ಕದಲ್ಲಿ ಸೇರುವುದರಿಂದ, ನಗರದೊಳಗೆ ಮನೆ ಹುಡುಕುವವರಿಗೆ ಆ ದರ ಯಾವ ಮೂಲೆಗೂ ಸಾಲದು. 35 ವರ್ಷದೊಳಗಿನ ಒಂಟಿ ವ್ಯಕ್ತಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇತರರೊಂದಿಗೆ ಹಂಚಿಕೊಂಡ ಮನೆಯ ಒಂದು ಕೋಣೆಗೆ ಆಗುವಷ್ಟೇ ಹಣ. 2012ಕ್ಕೆ ಮೊದಲು ಈ ವಯಸ್ಸಿನ ಮಿತಿ 25 ಆಗಿತ್ತು.

ಇವೆಲ್ಲದರ ಮೇಲೆ ಕುಟುಂಬವೊಂದು ಪಡೆಯಬಹುದಾದ ಒಟ್ಟು ಭತ್ಯೆಗೂ 2013ರಿಂದ ಒಂದು ಗರಿಷ್ಠ ಮಿತಿಯಿದೆ. ಮೊದಲು ವರ್ಷಕ್ಕೆ 26,000 ಪೌಂಡ್ ಇದ್ದುದನ್ನು 2016ರಲ್ಲಿ ಲಂಡನ್ನಿನಲ್ಲಿ 23,000ಕ್ಕೂ ಹೊರಗೆ 20,000ಕ್ಕೂ ಇಳಿಸಿದರು. 2023ರಲ್ಲಿ ಕ್ರಮವಾಗಿ 25,323 ಮತ್ತು 22,020 ಪೌಂಡಿಗೆ ಏರಿಸಿದರು. ನಿಗದಿತ ಮಟ್ಟಕ್ಕಿಂತ ಹೆಚ್ಚು ದುಡಿಯುವವರಿಗೂ ಕೆಲವು ಅಂಗವೈಕಲ್ಯ ಭತ್ಯೆ ಪಡೆಯುವವರಿಗೂ ಈ ಮಿತಿ ಇಲ್ಲ. ಇದು ಹೆಚ್ಚಾಗಿ ತಾಗುವುದು ಮಕ್ಕಳಿರುವ, ದುಬಾರಿ ಬಾಡಿಗೆಯ ಕುಟುಂಬಗಳಿಗೆ.

ಒಂದು ಲೆಕ್ಕವನ್ನು ಮುಂದಿಟ್ಟುಕೊಂಡರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಇದು ಕಲ್ಪಿತ ಉದಾಹರಣೆ, ಆದರೆ ನಿಯಮಗಳು ನಿಜವಾದವು. ಒಬ್ಬ ತಾಯಿ, ಒಂದು ಮಗು. ಎರಡು ಮಲಗುವ ಕೋಣೆಯ ಮನೆಯ ಬಾಡಿಗೆ ತಿಂಗಳಿಗೆ 900 ಪೌಂಡ್. ಆ ವಲಯದ ನೆರವಿನ ಮಿತಿ 750 ಪೌಂಡ್ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 150 ಪೌಂಡ್ ಕೊರತೆ. 25 ದಾಟಿದ ಒಂಟಿ ವ್ಯಕ್ತಿಯ ಊಟ, ಬಟ್ಟೆ, ವಿದ್ಯುತ್ತು, ಓಡಾಟ ಎಲ್ಲಕ್ಕೂ ಸೇರಿ ಯೂನಿವರ್ಸಲ್ ಕ್ರೆಡಿಟ್ಟಿನ ಮೂಲ ಮೊತ್ತ 2025-26ರಲ್ಲಿ ತಿಂಗಳಿಗೆ 400 ಪೌಂಡಿನಷ್ಟು. ಮಗುವಿನ ಪಾಲು ಬೇರೆ ಬರುತ್ತದೆ, ಅರೆಕಾಲಿಕ ಕೆಲಸದ ಸಂಬಳವೂ ಇರಬಹುದು. ಆದರೆ ಸಂಬಳ ಒಂದು ಹಂತ ದಾಟಿದ ಮೇಲೆ ಗಳಿಸಿದ ಪ್ರತಿ ಪೌಂಡಿಗೆ 55 ಪೆನ್ಸ್‌ನಷ್ಟು ಭತ್ಯೆ ಕಡಿತವಾಗುತ್ತದೆ. ಆ 150 ಪೌಂಡು ಹುಟ್ಟುವುದು ಊಟದಿಂದ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್‌ನಿಂದ. ಕೊರತೆ ತುಂಬಿಸಲು ಕೌನ್ಸಿಲ್ ತನ್ನ ವಿವೇಚನೆಯ ಮೇರೆಗೆ ತಾತ್ಕಾಲಿಕ ನೆರವು ಕೊಡಬಹುದು, ಆದರೆ ಅದು ಹಕ್ಕಲ್ಲ.

ಇದೇ ತಾಯಿ ಏಜೆಂಟರ ಕಚೇರಿಗೆ ಹೋದಾಗ ಏನಾಗುತ್ತದೆ ನೋಡಿ. ಮನೆಗೆ ಕಾಲಿಡುವ ಮೊದಲೇ ಒಂದು ತಿಂಗಳ ಬಾಡಿಗೆ 900 ಪೌಂಡ್ ಕಟ್ಟಬೇಕು, ಠೇವಣಿ ಬೇರೆ. 2019ರ ಕಾನೂನು ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಗಳ ಠೇವಣಿಯನ್ನು ಐದು ವಾರದ ಬಾಡಿಗೆಗೆ ಸೀಮಿತಗೊಳಿಸಿದೆ (ಬೆಂಗಳೂರಿನ ಮುಂಗಡ ನೋಡಿದವರಿಗೆ ಇದು ಕನಸಿನಂತೆ ಕಾಣಬಹುದು), ಆದರೂ ಅದು 1,038 ಪೌಂಡ್ ಆಗುತ್ತದೆ. ಹೊಸದಾಗಿ ಅರ್ಜಿ ಹಾಕಿದವರಿಗೆ ಯೂನಿವರ್ಸಲ್ ಕ್ರೆಡಿಟ್ಟಿನ ಮೊದಲ ಹಣ ಬರಲು ಐದು ವಾರ ಬೇಕು. ಮುಂಚಿತವಾಗಿ ಬೇಕೆಂದರೆ ಸಾಲದ ರೂಪದಲ್ಲಿ ಕೊಟ್ಟು, ಮುಂದಿನ ತಿಂಗಳುಗಳ ಪಾವತಿಯಿಂದ ಮುರಿದುಕೊಳ್ಳುತ್ತಾರೆ.

ಅನಂತರ ಆದಾಯ ಪರಿಶೀಲನೆ. ಏಜೆಂಟರು ಇದನ್ನು ಸಾಮಾನ್ಯವಾಗಿ ಹೊರಗಿನ ಕಂಪನಿಗಳಿಗೆ ವಹಿಸುತ್ತಾರೆ. ವರ್ಷದ ಆದಾಯ ತಿಂಗಳ ಬಾಡಿಗೆಯ 30 ಪಟ್ಟು ಇರಬೇಕೆಂಬುದು ಅಲ್ಲಿ ಬಹಳ ಪ್ರಚಲಿತವಾದ ಅಳತೆಗೋಲು. 900 ಪೌಂಡಿನ ಮನೆಗೆ ಅದು 27,000 ಪೌಂಡ್. ವಾರಕ್ಕೆ 16 ತಾಸು ಕನಿಷ್ಠ ವೇತನದಲ್ಲಿ ದುಡಿದರೆ ವರ್ಷಕ್ಕೆ ಸಿಗುವುದು ಹತ್ತು ಸಾವಿರ ಪೌಂಡಿಗಿಂತ ಸ್ವಲ್ಪ ಹೆಚ್ಚು. ಪರಿಶೀಲಕರು ಭತ್ಯೆಯನ್ನು ಆದಾಯವೆಂದು ಎಣಿಸದಿದ್ದರೆ, ಎಣಿಸಿದರೂ ಅರ್ಧಂಬರ್ಧ ಎಣಿಸಿದರೆ, ಅರ್ಜಿ ಅಲ್ಲಿಗೇ ಬಿದ್ದುಹೋಯಿತು. ಆಗ ಜಾಮೀನುದಾರರನ್ನು ಕರೆತನ್ನಿ ಎನ್ನುತ್ತಾರೆ. ಜಾಮೀನುದಾರನ ಆದಾಯ ಅನೇಕ ಕಡೆ ಬಾಡಿಗೆಯ 36 ಪಟ್ಟು, ಎಂದರೆ 32,400 ಪೌಂಡ್ ಇರಬೇಕು. ಕಷ್ಟದಲ್ಲಿರುವವರ ಬಂಧುಬಳಗವೂ ಬಹುಮಟ್ಟಿಗೆ ಅಂಥದೇ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಈ ನಿಯಮ ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ.

ಇನ್ನು ಮಾಲೀಕರ ಕಡೆಯ ಮಾತನ್ನೂ ನ್ಯಾಯವಾಗಿ ಕೇಳಬೇಕು. ಇಂಗ್ಲೆಂಡಿನ ಬಾಡಿಗೆ ಮನೆಗಳ ಮಾಲೀಕರೆಲ್ಲರೂ ದೊಡ್ಡ ಕುಳಗಳಲ್ಲ. ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಬಾಡಿಗೆಗೆ ಇರುವುದು ಒಂದೇ ಮನೆ. ಅದರ ಮೇಲೆ ಸಾಲವಿದ್ದರೆ ಪ್ರತಿ ತಿಂಗಳೂ ಕಂತು ಕಟ್ಟಬೇಕು. ಹಳೆಯ ಹೌಸಿಂಗ್ ಬೆನಿಫಿಟ್ ಮಾಲೀಕರಿಗೆ ನೇರವಾಗಿ ಹೋಗುವಾಗ ನಾಲ್ಕು ವಾರಕ್ಕೊಮ್ಮೆ, ಅದೂ ಅವಧಿ ಮುಗಿದ ಮೇಲೆ ಬರುತ್ತಿತ್ತು. ಬಾಡಿಗೆ ಕರಾರು ಮಾತ್ರ ತಿಂಗಳ ಲೆಕ್ಕದ್ದು, ಮುಂಚಿತವಾಗಿ ಕಟ್ಟಬೇಕಾದದ್ದು. ಬಾಡಿಗೆದಾರನಿಗೆ ಹೆಚ್ಚು ಹಣ ಹೋಗಿದೆಯೆಂದು ಕೌನ್ಸಿಲ್‌ಗೆ ತಡವಾಗಿ ತಿಳಿದರೆ, ಮಾಲೀಕನ ಖಾತೆಗೆ ನೇರ ಪಾವತಿಯಾದ ಸಂದರ್ಭಗಳಲ್ಲಿ ಅವನಿಂದಲೇ ವಸೂಲಿ ಮಾಡುವ ಅವಕಾಶವೂ ಇತ್ತು. ಈ ಕಹಿ ನೆನಪು ಹಳೆಯ ಮಾಲೀಕರಲ್ಲಿ ಇನ್ನೂ ಇದೆ. 2008ರ ಬದಲಾವಣೆಯ ನಂತರ ಹಣ ಸಾಮಾನ್ಯವಾಗಿ ಬಾಡಿಗೆದಾರನ ಖಾತೆಗೇ ಹೋಗತೊಡಗಿತು, ಯೂನಿವರ್ಸಲ್ ಕ್ರೆಡಿಟ್ಟಿನಲ್ಲೂ ಅದೇ ಕ್ರಮ. ತನ್ನ ಹಣವನ್ನು ತಾನೇ ನಿರ್ವಹಿಸುವ ಜವಾಬ್ದಾರಿ ಬರಲಿ ಎಂಬುದು ಉದ್ದೇಶ. ಕೈಗೆ ಬಂದ ಹಣ ಮನೆಖರ್ಚಿಗೂ ಸಾಲದಿದ್ದಾಗ ಬಾಡಿಗೆ ಹಿಂದೆ ಬೀಳುತ್ತದೆ. ಎರಡು ತಿಂಗಳ ಬಾಕಿ ಬಿದ್ದ ಮೇಲೆ ಮಾಲೀಕ ನೇರ ಪಾವತಿಗೆ ಅರ್ಜಿ ಹಾಕಬಹುದು. ಅಷ್ಟರಲ್ಲಿ ಆ ಎರಡು ತಿಂಗಳ ಹೊರೆ ಅವನದು. ಸ್ಕಾಟ್ಲೆಂಡಿನಲ್ಲಿ ಬಾಡಿಗೆಯ ಪಾಲನ್ನು ನೇರವಾಗಿ ಮಾಲೀಕರಿಗೆ ಕೊಡಿ ಎಂದು ಬಾಡಿಗೆದಾರರೇ ಆಯ್ದುಕೊಳ್ಳುವ ಅವಕಾಶವಿದೆ. ಇಷ್ಟು ಸರಳವಾದ ಆಯ್ಕೆಯನ್ನು ಇಂಗ್ಲೆಂಡಿನಲ್ಲಿ ಕೊಡದಿರುವುದಕ್ಕೆ ಸಮರ್ಥನೀಯ ಕಾರಣವೊಂದೂ ನನಗೆ ಕಾಣುವುದಿಲ್ಲ.

ಮಾಲೀಕರ ಇನ್ನೊಂದು ದೂರು ಕೌನ್ಸಿಲ್‌ಗಳ ಮೇಲಿನದು. ನೋಟಿಸ್ ಪಡೆದ ಬಾಡಿಗೆದಾರ ನೆರವು ಕೇಳಿ ಹೋದರೆ, ‘ನೀವಾಗಿಯೇ ಮನೆ ಬಿಡಬೇಡಿ, ಬಿಟ್ಟರೆ ಬೇಕೆಂದೇ ನಿರ್ವಸಿತರಾದಿರಿ ಎಂದಾಗುತ್ತದೆ, ನ್ಯಾಯಾಲಯದ ಅಮೀನರು ಬರುವವರೆಗೂ ಇರಿ’ ಎಂಬ ಸಲಹೆ ಅನೇಕ ಕೌನ್ಸಿಲ್‌ಗಳಿಂದ ಬರುತ್ತಿತ್ತು. ಖಾಲಿ ಮನೆಗಳಿಲ್ಲದ ಕೌನ್ಸಿಲ್ ತನ್ನ ಹೊರೆಯನ್ನು ಕೆಲವು ತಿಂಗಳು ಮುಂದೂಡುವ ಉಪಾಯ ಅದು. ಅದರ ಬೆಲೆ ತೆತ್ತವರು ಇಬ್ಬರು: ಹೊರಹಾಕಿಸಿಕೊಳ್ಳುವ ದಿನಕ್ಕಾಗಿ ಮಕ್ಕಳೊಡನೆ ಕಾಯುವ ಬಾಡಿಗೆದಾರ, ಮತ್ತು ಆ ಅನುಭವದ ನಂತರ ಭತ್ಯೆಯವರ ಸಹವಾಸವೇ ಬೇಡವೆಂದು ನಿರ್ಧರಿಸಿದ ಮಾಲೀಕ. ಸಂಕಟದ ಮೊದಲ ಹಂತದಲ್ಲೇ ಕೌನ್ಸಿಲ್ ನೆರವಿಗೆ ಬರಬೇಕೆಂದು 2018ರ ಏಪ್ರಿಲ್‌ನಲ್ಲಿ ಜಾರಿಯಾದ ಕಾನೂನು ವಿಧಿಸುತ್ತದೆ.

ಬ್ಯಾಂಕುಗಳ ಪಾತ್ರ ಹೆಚ್ಚು ಜನರಿಗೆ ತಿಳಿಯದೆ ನಡೆದದ್ದು. ಬಾಡಿಗೆಗೆ ಕೊಡಲೆಂದೇ ಮನೆ ಕೊಳ್ಳುವವರಿಗೆ ಬ್ರಿಟನ್ನಿನಲ್ಲಿ ಪ್ರತ್ಯೇಕ ಬಗೆಯ ಗೃಹಸಾಲವಿದೆ. ಅದರ ಕರಾರಿನಲ್ಲಿ ಭತ್ಯೆ ಪಡೆಯುವವರಿಗೆ ಮನೆ ಕೊಡಕೂಡದು ಎಂಬ ನಿಬಂಧನೆಯನ್ನು ಹಲವು ಸಾಲಸಂಸ್ಥೆಗಳು ಹಾಕುತ್ತಿದ್ದವು. 2018ರಲ್ಲಿ ನ್ಯಾಟ್‌ವೆಸ್ಟ್ ಬ್ಯಾಂಕ್, ಬೆಲ್‌ಫಾಸ್ಟ್‌ನ ಮನೆಯೊಂದರ ಮಾಲೀಕರಿಗೆ, ಭತ್ಯೆ ಪಡೆಯುತ್ತಿದ್ದ ಬಾಡಿಗೆದಾರರನ್ನು ಬಿಡಿಸಿ ಇಲ್ಲವೇ ಸಾಲವನ್ನು ಬೇರೆಡೆಗೆ ಒಯ್ಯಿರಿ ಎಂದದ್ದು ಸುದ್ದಿಯಾಯಿತು. ಮಾಲೀಕರು ಒಪ್ಪಲಿಲ್ಲ, ವಿಷಯವನ್ನು ಸಾರ್ವಜನಿಕರ ಮುಂದಿಟ್ಟರು. ಮುಂದೆ ಬ್ಯಾಂಕ್ ಆ ನಿಬಂಧನೆಯನ್ನೇ ತೆಗೆದುಹಾಕಿತು. ಮನೆ ಕೊಡಲು ಮನಸ್ಸಿದ್ದವರ ಕೈಯನ್ನೂ ಕರಾರಿನ ಸಣ್ಣಕ್ಷರಗಳು ಕಟ್ಟಿಹಾಕಿದ್ದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಬಾಡಿಗೆ ಖಾತರಿ ವಿಮೆಗಳಲ್ಲೂ ಇಂಥ ಷರತ್ತುಗಳಿದ್ದವು.

ಈಗ ಕಾನೂನಿನ ಪ್ರಶ್ನೆ. ಬ್ರಿಟನ್ನಿನ 2010ರ ಸಮಾನತಾ ಕಾನೂನು ಲಿಂಗ, ಅಂಗವೈಕಲ್ಯ, ಜನಾಂಗ, ಧರ್ಮ, ವಯಸ್ಸು ಮೊದಲಾದ ಒಂಬತ್ತು ಲಕ್ಷಣಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಆದಾಯದ ಮೂಲ ಆ ಒಂಬತ್ತರಲ್ಲಿ ಇಲ್ಲ. ಆದ್ದರಿಂದ ಭತ್ಯೆಯವರಿಗೆ ಮನೆ ಇಲ್ಲ ಎನ್ನುವುದು ಕಾನೂನುಬದ್ಧವೆಂದೇ ಬಹುಕಾಲ ಎಲ್ಲರೂ ನಂಬಿದ್ದರು. ಶೆಲ್ಟರ್ ಎಂಬ ವಸತಿ ಹಕ್ಕುಗಳ ಸಂಸ್ಥೆ ಪರೋಕ್ಷ ತಾರತಮ್ಯದ ದಾರಿ ಹಿಡಿಯಿತು. ಒಂದು ನಿಯಮ ಎಲ್ಲರಿಗೂ ಒಂದೇ ರೀತಿ ಅನ್ವಯವಾಗುವಂತೆ ಕಂಡರೂ, ಅದರ ಪೆಟ್ಟು ರಕ್ಷಿತ ಗುಂಪೊಂದರ ಮೇಲೆ ಇತರರಿಗಿಂತ ಹೆಚ್ಚಾಗಿ ಬೀಳುತ್ತಿದ್ದರೆ, ಮತ್ತು ನಿಯಮ ಮಾಡಿದವರು ಅದಕ್ಕೆ ತಕ್ಕ ಸಮರ್ಥನೆ ಕೊಡಲಾಗದಿದ್ದರೆ, ಅದು ಪರೋಕ್ಷ ತಾರತಮ್ಯ. ಮಕ್ಕಳನ್ನು ಒಬ್ಬರೇ ಸಾಕುವ ಹೊಣೆ ಬಹುಪಾಲು ಹೆಂಗಸರ ಮೇಲಿರುವುದರಿಂದ ಬಾಡಿಗೆ ನೆರವು ಪಡೆಯುವವರಲ್ಲಿ ಗಂಡಸರಿಗಿಂತ ಅವರ ಪ್ರಮಾಣ ಹೆಚ್ಚು. ಅಂಗವಿಕಲರ ಪ್ರಮಾಣವೂ ಹೆಚ್ಚು. ಎಂದ ಮೇಲೆ ನೆರವು ಪಡೆಯುವವರಿಗೆ ಮುಚ್ಚಿದ ಬಾಗಿಲು ಹೆಂಗಸರಿಗೂ ಅಂಗವಿಕಲರಿಗೂ ಹೆಚ್ಚಾಗಿ ಮುಚ್ಚಿದ ಬಾಗಿಲೇ ಆಯಿತು.

2020ರ ಜುಲೈನಲ್ಲಿ ಯಾರ್ಕ್ ಕೌಂಟಿ ನ್ಯಾಯಾಲಯ ಈ ವಾದವನ್ನು ಎತ್ತಿಹಿಡಿಯಿತು. ದೂರುದಾರರು ಇಬ್ಬರು ಮಕ್ಕಳ ಒಂಟಿ ತಾಯಿ, ಅಂಗವೈಕಲ್ಯ ಇದ್ದವರು, ಅರೆಕಾಲಿಕ ಕೆಲಸದಲ್ಲಿದ್ದವರು, ಬಾಡಿಗೆ ತಪ್ಪದೆ ಕಟ್ಟಿಕೊಂಡು ಬಂದವರು. 2018ರಲ್ಲಿ ಏಜೆಂಟರು ಅವರ ವಿಚಾರಣೆಯನ್ನೂ ಮಾಡದೆ, ಇದು ನಮ್ಮ ನೀತಿ ಎಂದು ತಿರಸ್ಕರಿಸಿದ್ದರು. ಅವರು ಮಕ್ಕಳೊಡನೆ ನಿರ್ವಸಿತರಾಗಬೇಕಾಯಿತು. ಬಾಡಿಗೆ ನೆರವು ಪಡೆಯುತ್ತಾರೆಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸುವುದು ಲಿಂಗ ಮತ್ತು ಅಂಗವೈಕಲ್ಯದ ಆಧಾರದ ಪರೋಕ್ಷ ತಾರತಮ್ಯ, ಅದು ಸಮಾನತಾ ಕಾನೂನಿಗೆ ವಿರುದ್ಧ ಎಂದು ನ್ಯಾಯಾಲಯ ಘೋಷಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಕೌಂಟಿ ನ್ಯಾಯಾಲಯವೂ ಅಂಗವಿಕಲ ವ್ಯಕ್ತಿಯೊಬ್ಬರ ಪ್ರಕರಣದಲ್ಲಿ ಇಂಥದೇ ತೀರ್ಪು ಕೊಟ್ಟಿತು.

ತೀರ್ಪುಗಳ ತೂಕ ದೊಡ್ಡದು, ಆದರೆ ಅವುಗಳ ಮಿತಿಯನ್ನೂ ಹೇಳಬೇಕು. ಕೌಂಟಿ ನ್ಯಾಯಾಲಯದ ತೀರ್ಪು ಇತರ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ತಿರಸ್ಕೃತರಾದ ಪ್ರತಿಯೊಬ್ಬರೂ ತಾವು ರಕ್ಷಿತ ಗುಂಪಿಗೆ ಸೇರಿದವರೆಂದು ತೋರಿಸಿ, ಸಾಕ್ಷ್ಯ ಕೂಡಿಸಿ, ದಾವೆ ಹೂಡಬೇಕು. ತಲೆಯ ಮೇಲೆ ಸೂರಿಲ್ಲದವರಿಗೆ ಅಷ್ಟು ಪುರುಸೊತ್ತೂ ತ್ರಾಣವೂ ಎಲ್ಲಿಂದ ಬರಬೇಕು? ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ, ಕೆಲಸ ಕಳೆದುಕೊಂಡ ನಡುವಯಸ್ಸಿನ ಗಂಡಸಿಗೆ ಈ ವಾದ ನೆರವಾಗುವುದೂ ಕಷ್ಟ. ಜೂಪ್ಲಾದಂಥ ಜಾಲತಾಣಗಳು 2019ರಲ್ಲಿಯೇ ‘ನೋ ಡಿಎಸ್‌ಎಸ್’ ಸಾಲನ್ನು ತಮ್ಮ ಜಾಹೀರಾತುಗಳಿಂದ ನಿಷೇಧಿಸಿದ್ದವು. ಸಾಲು ಮಾಯವಾದಂತೆ ನಿರಾಕರಣೆ ದೂರವಾಣಿಯ ಮಾತಿಗೆ ಸರಿಯಿತು: ಮನೆ ಆಗಲೇ ಹೋಯಿತು, ಮಾಲೀಕರು ಇನ್ನೂ ಯೋಚಿಸುತ್ತಿದ್ದಾರೆ, ನೋಡಲು ಬರುವವರ ಪಟ್ಟಿ ತುಂಬಿದೆ.

ಹಿಂದಿನ ಸರ್ಕಾರ 2023ರಲ್ಲಿ ತಂದ ಮಸೂದೆ 2024ರ ಚುನಾವಣೆಯಿಂದಾಗಿ ಬಿದ್ದುಹೋದ ಮೇಲೆ, ಹೊಸ ಲೇಬರ್ ಸರ್ಕಾರ ಬಾಡಿಗೆದಾರರ ಹಕ್ಕುಗಳ ಮಸೂದೆಯನ್ನು ಮಂಡಿಸಿತು. ಅದು 2025ರ ಅಕ್ಟೋಬರ್ 27ರಂದು ರಾಜಮುದ್ರೆ ಪಡೆದು ಕಾನೂನಾಯಿತು. ಇಂಗ್ಲೆಂಡಿನಲ್ಲಿ ಅದರ ಮುಖ್ಯ ಭಾಗಗಳ ಜಾರಿಗೆ ಸರ್ಕಾರ ಗೊತ್ತುಮಾಡಿದ ದಿನ 2026ರ ಮೇ 1. ಭತ್ಯೆ ಪಡೆಯುತ್ತಾರೆ ಅಥವಾ ಮನೆಯಲ್ಲಿ ಮಕ್ಕಳಿರುತ್ತಾರೆ ಎಂಬ ಕಾರಣಕ್ಕೆ ಯಾರನ್ನೂ ಮನೆಯ ವಿವರ ತಿಳಿಯದಂತೆ, ಮನೆ ನೋಡದಂತೆ, ಕರಾರು ಮಾಡಿಕೊಳ್ಳದಂತೆ ತಡೆಯುವುದನ್ನು ಅದು ನೇರವಾಗಿ ನಿಷೇಧಿಸುತ್ತದೆ. ಪರೋಕ್ಷ ತಾರತಮ್ಯದ ಸುತ್ತುದಾರಿ ಇಲ್ಲಿ ಬೇಕಿಲ್ಲ. ಉಲ್ಲಂಘಿಸಿದ ಮಾಲೀಕರಿಗೂ ಏಜೆಂಟರಿಗೂ ಕೌನ್ಸಿಲ್ 7,000 ಪೌಂಡಿನವರೆಗೆ ದಂಡ ಹಾಕಬಹುದು. ಬ್ಯಾಂಕ್ ಕರಾರುಗಳಲ್ಲಿ ಇಂಥ ನಿಬಂಧನೆಯಿದ್ದರೆ ಅದಕ್ಕೆ ಬಲವಿರುವುದಿಲ್ಲ. ವಿಮೆಯ ವಿಷಯದಲ್ಲಿ ಈಗಾಗಲೇ ನಡೆಯುತ್ತಿರುವ ಪಾಲಿಸಿಗಳು ಮುಗಿಯುವವರೆಗೆ ವಿನಾಯಿತಿಯಿದೆ. 21ನೇ ಕಲಮಿನ ಕಾರಣರಹಿತ ನೋಟಿಸ್ ರದ್ದಾಗುತ್ತದೆ. ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡವಾಗಿ ಕೇಳುವುದಕ್ಕೂ, ಜಾಹೀರಾತಿನಲ್ಲಿ ಹೇಳಿದ ಮೊತ್ತಕ್ಕಿಂತ ಹೆಚ್ಚಿನದನ್ನು ಹರಾಜಿನಂತೆ ಕೂಗಿಸುವುದಕ್ಕೂ ತಡೆ ಬೀಳುತ್ತದೆ. ಬಾಕಿಯ ಕಾರಣಕ್ಕೆ ಕಡ್ಡಾಯವಾಗಿ ಬಿಡಿಸಬೇಕಾದರೆ ಎರಡರ ಬದಲು ಮೂರು ತಿಂಗಳ ಬಾಕಿ ಇರಬೇಕು. ಬರಬೇಕಾದ ಯೂನಿವರ್ಸಲ್ ಕ್ರೆಡಿಟ್ ಇನ್ನೂ ಕೈಸೇರದ್ದರಿಂದ ಉಳಿದ ಬಾಕಿ ಆ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ಅಂಶ ಸಣ್ಣದಾಗಿ ಕಂಡರೂ ಬಹಳ ಮುಖ್ಯವಾದದ್ದು: ಸರ್ಕಾರದ ವಿಳಂಬಕ್ಕೆ ಬಾಡಿಗೆದಾರ ಮನೆ ಕಳೆದುಕೊಳ್ಳಕೂಡದೆಂದು ಕಾನೂನೇ ಒಪ್ಪಿಕೊಂಡಂತಾಯಿತು.

ಇಷ್ಟಾದರೂ ಒಂದು ಬಾಗಿಲು ತೆರೆದೇ ಉಳಿದಿದೆ. ಅರ್ಜಿದಾರರಿಗೆ ಬಾಡಿಗೆ ಕಟ್ಟುವ ಶಕ್ತಿ ಇದೆಯೇ ಎಂದು ಮಾಲೀಕರು ಪರಿಶೀಲಿಸುವುದನ್ನು ಕಾನೂನು ತಡೆಯುವುದಿಲ್ಲ, ತಡೆಯುವಂತೆಯೂ ಇಲ್ಲ. ಮೇಲಿನ ಲೆಕ್ಕದ ತಾಯಿಯನ್ನು ‘ನೀವು ಭತ್ಯೆ ಪಡೆಯುತ್ತೀರಿ’ ಎಂದು ತಿರಸ್ಕರಿಸಿದರೆ ದಂಡ. ‘ತಿಂಗಳಿಗೆ 150 ಪೌಂಡ್ ಕೊರತೆಯಿದೆ, ನಿಮಗೆ ಈ ಬಾಡಿಗೆ ಎಟುಕುವುದಿಲ್ಲ’ ಎಂದು ತಿರಸ್ಕರಿಸಿದರೆ ಅದನ್ನು ಪ್ರಶ್ನಿಸುವುದು ಬಲು ಕಷ್ಟ. ಆ ಕೊರತೆಯನ್ನು ಹುಟ್ಟಿಸಿದ್ದು ಮಾಲೀಕರಲ್ಲ, ನೆರವಿನ ದರವನ್ನು ತಡೆಹಿಡಿದ ಖಜಾನೆ. ಒಂದೇ ಮನೆಗೆ ಹತ್ತಾರು ಅರ್ಜಿಗಳು ಬರುವ ಮಾರುಕಟ್ಟೆಯಲ್ಲಿ ಹೆಚ್ಚು ಸಂಬಳದವರನ್ನು ಆಯ್ದುಕೊಂಡೆ ಎನ್ನುವ ಮಾಲೀಕನ ಮನಸ್ಸಿನಲ್ಲಿ ಏನಿತ್ತು ಎಂದು ಸಾಬೀತು ಮಾಡುವವರು ಯಾರು? ಕಾನೂನು ತಾರತಮ್ಯ ನಿಷೇಧಿಸಿದ ವರ್ಷವೇ ದರವನ್ನು ತಡೆಹಿಡಿದದ್ದು ಒಂದನ್ನೊಂದು ಹೊಡೆದುಹಾಕುವ ಎರಡು ನಿರ್ಧಾರಗಳು ಎಂದೇ ನನಗೆ ಅನ್ನಿಸುತ್ತದೆ.

ದರ ಹಿಡಿದಿಟ್ಟು ಉಳಿಸಿದ ಹಣ ಬೇರೆ ದಾರಿಯಲ್ಲಿ ಖರ್ಚಾಗುತ್ತಿದೆ. ಖಾಸಗಿ ಮನೆ ಸಿಗದ ಕುಟುಂಬಗಳನ್ನು ಕೌನ್ಸಿಲ್‌ಗಳು ತಾತ್ಕಾಲಿಕ ವಸತಿಯಲ್ಲಿ ಇರಿಸಬೇಕಾಗುತ್ತದೆ. 2024ರ ಕೊನೆಗೆ ಇಂಗ್ಲೆಂಡಿನಲ್ಲಿ ಹಾಗಿದ್ದ ಕುಟುಂಬಗಳು 1 ಲಕ್ಷ 27 ಸಾವಿರಕ್ಕಿಂತ ಹೆಚ್ಚು, ಮಕ್ಕಳು 1 ಲಕ್ಷ 65 ಸಾವಿರಕ್ಕಿಂತ ಹೆಚ್ಚು. ಒಂದೇ ಕೋಣೆಯಲ್ಲಿ ತಂದೆ, ತಾಯಿ, ಮೂವರು ಮಕ್ಕಳು. ಅಡುಗೆಗೆ ಒಲೆಯಿಲ್ಲ, ಓದಲು ಮೇಜಿಲ್ಲ, ಶಾಲೆ ಬಸ್ಸಿನಲ್ಲಿ ಒಂದು ತಾಸು ದೂರ. ಇಂಥ ಕೋಣೆಗೆ ಕೌನ್ಸಿಲ್ ರಾತ್ರಿಯ ಲೆಕ್ಕದಲ್ಲಿ ತೆರುವ ಹಣ, ಅನೇಕ ಸಲ, ಅದೇ ಕುಟುಂಬವನ್ನು ಸಾಮಾನ್ಯ ಮನೆಯಲ್ಲಿ ಇರಿಸುವ ಬಾಡಿಗೆಗಿಂತ ಹೆಚ್ಚು.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇದು ಎರಡು ಕಡೆಯಿಂದ ಸಂಬಂಧಿಸುತ್ತದೆ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾಗಳ ಮೇಲೆ ಹೋದವರಿಗೆ ಸಾಮಾನ್ಯವಾಗಿ ಸಾರ್ವಜನಿಕ ನಿಧಿಯ ನೆರವು ಇಲ್ಲವೆಂಬ ಷರತ್ತಿರುತ್ತದೆ. ಯೂನಿವರ್ಸಲ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್ ಎರಡೂ ಅದರಲ್ಲಿ ಬರುವುದರಿಂದ ಅವುಗಳಿಗೆ ಅರ್ಜಿ ಹಾಕುವುದು ವೀಸಾ ಷರತ್ತಿನ ಉಲ್ಲಂಘನೆಯಾಗುತ್ತದೆ. ಶಾಶ್ವತ ವಾಸದ ಅನುಮತಿ ಅಥವಾ ಪೌರತ್ವ ಪಡೆದ ಮೇಲೆ ಈ ತಡೆ ಹೋಗುತ್ತದೆ. ಕಾಯಿಲೆಯೋ ವಿಚ್ಛೇದನವೋ ಕೆಲಸದ ನಷ್ಟವೋ ಬಂದಾಗ ನೆರವು ಪಡೆಯಲು ನಾಚುವ ಕಾರಣವಿಲ್ಲ, ಅದು ತೆರಿಗೆ ಕಟ್ಟಿದವರಿಗೂ ಕಟ್ಟಲಾಗದವರಿಗೂ ಇರುವ ಹಕ್ಕು. ಇನ್ನೊಂದು ಕಡೆ, ಉಳಿತಾಯದಿಂದ ಎರಡನೆಯ ಮನೆ ಕೊಂಡು ಬಾಡಿಗೆಗೆ ಕೊಟ್ಟಿರುವ ನಮ್ಮವರು ಇದ್ದಾರೆ. ಏಜೆಂಟರು ‘ಭತ್ಯೆಯವರು ಬೇಡ ತಾನೇ?’ ಎಂದು ಕೇಳಿದಾಗ ಹೌದೆಂದು ತಲೆಯಾಡಿಸುವುದು ಈಗ ಕೇವಲ ಅಭ್ಯಾಸದ ಮಾತಲ್ಲ, ದಂಡಕ್ಕೆ ಗುರಿಯಾಗುವ ಸೂಚನೆ. ಏಜೆಂಟರಿಗೆ ಕೊಟ್ಟ ಹಳೆಯ ಸೂಚನೆಗಳನ್ನೂ ಸಾಲದ ಕರಾರನ್ನೂ ಅವರು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮನೆ ನಿರಾಕರಿಸಲ್ಪಟ್ಟವರು ಮಾಡಬಹುದಾದದ್ದು ಇಷ್ಟು. ಕಾರಣವನ್ನು ಬರಹದಲ್ಲಿ ಕೇಳಬೇಕು, ದೂರವಾಣಿಯಲ್ಲಿ ಹೇಳಿದರೆ ‘ನೀವು ಹೀಗೆ ಹೇಳಿದಿರಿ’ ಎಂದು ಅದೇ ದಿನ ಇಮೇಲ್ ಕಳುಹಿಸಿ ದಾಖಲೆ ಮಾಡಿಟ್ಟುಕೊಳ್ಳಬೇಕು. ಜಾಹೀರಾತಿನ ಪ್ರತಿ, ಹಿಂದಿನ ಮನೆಯ ಬಾಡಿಗೆ ಕಟ್ಟಿದ ದಾಖಲೆ, ಸಂಬಳದ ಚೀಟಿ, ಭತ್ಯೆಯ ಪತ್ರ ಇವನ್ನು ಒಟ್ಟಿಗಿಟ್ಟುಕೊಂಡು, ಭತ್ಯೆಯನ್ನೂ ಸೇರಿಸಿದ ಒಟ್ಟು ಆದಾಯದ ಮೇಲೆ ಪರಿಶೀಲನೆ ಮಾಡಿ ಎಂದು ಏಜೆಂಟರನ್ನು ಒತ್ತಾಯಿಸಬೇಕು. ಅದಕ್ಕೂ ಬಗ್ಗದಿದ್ದರೆ ದೂರು ಹೋಗಬೇಕಾದದ್ದು ಮನೆ ಇರುವ ಊರಿನ ಕೌನ್ಸಿಲ್‌ಗೆ. ಹೊಸ ಕಾನೂನಿನ ಅಡಿಯಲ್ಲಿ ತನಿಖೆ ಮಾಡಿ ದಂಡ ಹಾಕುವ ಕರ್ತವ್ಯ ಅದರದು, ದೂರುದಾರರು ಸ್ವತಃ ನ್ಯಾಯಾಲಯದ ಮೆಟ್ಟಿಲೇರುವವರೆಗೆ ಕಾಯಬೇಕಾಗಿಲ್ಲ.